ನೂರಕ್ಕೆ ನೂರಮೂರು ಅಂಕ ಪಡೆದ ಕಾರು

ಉತ್ತರಪತ್ರಿಕೆಗಳನ್ನು ತಿದ್ದುವ ಕಸುಬಿನವರಿಗೆ ಒಂದು ದುರಭ್ಯಾಸವುಂಟು. ಯಾರಿಗಾದರೂ ನೂರಕ್ಕೆ ತೊಂಬತ್ತೊಂಬತ್ತು ಅಂಕ ಬಂದಿತೆಂದು ಕೇಳಿದೊಡನೆ ಸಂತೋಷಕ್ಕಿಂತ ಮೊದಲು ಸಂಶಯ ತಲೆಯೆತ್ತುತ್ತದೆ. ಹೀಗಿರುವಲ್ಲಿ ನೂರಕ್ಕೆ ನೂರಮೂರು ಬಂದಿತೆಂದರೆ ಏನು ಹೇಳೋಣ? ೨೦೧೫ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಅಮೆರಿಕಾದಲ್ಲಿ ಒಂದು ವಿದ್ಯುತ್ ಕಾರಿಗೆ ನಿಜವಾಗಿಯೂ ಅಷ್ಟು ಅಂಕ ಬಂದಿತು. ಕೊಟ್ಟದ್ದು ‘ಕನ್ಸ್ಯೂಮರ್ ರಿಪೋರ್ಟ್ಸ್’ ಎಂಬ ಸಂಸ್ಥೆ. ೧೯೩೬ರಿಂದ ನಡೆದುಬಂದಿರುವ ಈ ಸಂಸ್ಥೆ ತನ್ನ ಪತ್ರಿಕೆಯಲ್ಲಿ ಜಾಹೀರಾತನ್ನು ಮುಟ್ಟುವುದಿಲ್ಲ. ಪರೀಕ್ಷಿಸಿ ಅಂಕ ಕೊಡುವ ಕಾರುಗಳನ್ನು ಸಾಮಾನ್ಯ ಗಿರಾಕಿಯಂತೆ ಹಣಕೊಟ್ಟೇ ಕೊಳ್ಳುತ್ತದೆ. ಆದ್ದರಿಂದ ಅದರ ಮಾತಿಗೆ ಆ ದೇಶದ ಗೃಹಸ್ಥರಲ್ಲಿ ಬೆಲೆಯುಂಟು.

ಕಾರು ಟೆಸ್ಲಾ ಕಂಪೆನಿಯ ಮಾಡೆಲ್ ಎಸ್. ಅದರಲ್ಲಿಯೂ ಹೆಚ್ಚಿನ ಬಲದ ‘ಪಿ೮೫ಡಿ’ ಎಂಬ ಮಾದರಿ. ನಿಂತಲ್ಲಿಂದ ಹೊರಟು ಗಂಟೆಗೆ ೬೦ ಮೈಲಿಯ ವೇಗ ಮುಟ್ಟಲು ಅದಕ್ಕೆ ಹಿಡಿದದ್ದು ಮೂರೂವರೆ ಸೆಕೆಂಡು. ಇದರ ತಮ್ಮನೆನ್ನಬಹುದಾದ ಮಾದರಿಗೆ ೨೦೧೩ರಲ್ಲಿಯೇ ೯೯ ಅಂಕ ಸಂದಿತ್ತು. ಈಗ ಅಳತೆಗೋಲೇ ಗಿಡ್ಡವಾಯಿತೆಂದು ಕಂಡಾಗ ಪರೀಕ್ಷಕರು ಕೋಲನ್ನೇ ತಿದ್ದಿಕೊಂಡು, ನೂರಕ್ಕೆ ನೂರೆಂದು ಬರೆದು ಮುಗಿಸಿದರು.

ಅಲ್ಲಿಂದ ಎರಡೇ ತಿಂಗಳು. ಅಕ್ಟೋಬರಿನಲ್ಲಿ ಅದೇ ಸಂಸ್ಥೆ ಅದೇ ಮಾಡೆಲ್ ಎಸ್ ಕಾರಿಗೆ ತಾನು ಕೊಟ್ಟಿದ್ದ ಶಿಫಾರಸನ್ನು ಹಿಂದಕ್ಕೆ ತೆಗೆದುಕೊಂಡಿತು!

ಇದು ಚಂಚಲಚಿತ್ತರ ಕೆಲಸವೆಂದು ತೋರಬಹುದು. ಹಾಗಲ್ಲ. ಮೊದಲನೆಯ ಸಲ ಅವರು ಕಾರು ಎಷ್ಟು ಚೆನ್ನಾಗಿ ಓಡುತ್ತದೆ, ನಿಲ್ಲುತ್ತದೆ, ತಿರುಗುತ್ತದೆ, ಎಷ್ಟು ಕ್ಷೇಮವಾಗಿದೆ ಎಂಬುದನ್ನು ನೋಡಿದ್ದರು. ಎರಡನೆಯ ಸಲ, ಕೊಂಡವರ ಮನೆಯಲ್ಲಿ ಅದು ಎಷ್ಟು ಸಾರಿ ಕೈಕೊಟ್ಟಿತು ಎಂದು ವಿಚಾರಿಸಿದರು. ಸುರಕ್ಷತೆ ಬೇರೆ, ನೆಚ್ಚಿಕೆ ಬೇರೆ. ಹೊಸ ವಾಹನವನ್ನು ಹೊಗಳುವವರೂ ತೆಗಳುವವರೂ ಇವೆರಡನ್ನು ಒಂದೇ ಚೀಲಕ್ಕೆ ತುಂಬಿ ಮಾತನಾಡುವುದರಿಂದಲೇ ಸಂಸಾರವಂದಿಗರಿಗೆ ದಿಕ್ಕು ತಪ್ಪುತ್ತದೆ.

ಮೊದಲು ಸುರಕ್ಷತೆಯ ಮಾತು. ಮಾಡೆಲ್ ಎಸ್ ೨೦೧೨ರ ಜೂನ್ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಕಾರ್ಖಾನೆಯಿಂದ ಗಿರಾಕಿಗಳ ಕೈಸೇರತೊಡಗಿತು. ಅದರ ಮುಂಭಾಗದ ಮುಚ್ಚಳ ತೆರೆದರೆ ಎಂಜಿನ್ನು ಇಲ್ಲ. ಪೆಟ್ಟಿಗೆ ಇಡುವ ಜಾಗವಿದೆ. ಎದುರಿನಿಂದ ಡಿಕ್ಕಿ ಹೊಡೆದಾಗ ಸಾಮಾನ್ಯ ಕಾರಿನಲ್ಲಿ ಎಂಜಿನ್ನೆಂಬ ಕಬ್ಬಿಣದ ಗಟ್ಟಿ ಕುಳಿತವರ ಕಡೆಗೆ ತಳ್ಳಿಕೊಂಡು ಬರುವುದುಂಟು. ಇಲ್ಲಿ ಆ ಬರಿಯ ಜಾಗವೆಲ್ಲ ನಜ್ಜುಗುಜ್ಜಾಗಿ ಪೆಟ್ಟನ್ನು ನುಂಗಿಕೊಳ್ಳುತ್ತದೆ. ಐದಾರು ನೂರು ಕಿಲೋಗ್ರಾಂ ತೂಗುವ ಬ್ಯಾಟರಿ ನೆಲದಡಿಯಲ್ಲಿ ಹಾಸಿದ ಚಪ್ಪಡಿಯಂತಿರುವುದರಿಂದ ಭಾರವೆಲ್ಲ ತಗ್ಗಿನಲ್ಲಿ ಕುಳಿತು, ಕಾರು ಪಲ್ಟಿಯಾಗುವ ಭಯ ಕಡಿಮೆ. ೨೦೧೩ರಲ್ಲಿ ಅಮೆರಿಕಾ ಸರ್ಕಾರದ ಹೆದ್ದಾರಿ ಸುರಕ್ಷತಾ ಇಲಾಖೆ ನಡೆಸಿದ ಡಿಕ್ಕಿಯ ಪರೀಕ್ಷೆಗಳಲ್ಲಿ ಎಲ್ಲ ವಿಭಾಗಗಳಲ್ಲಿಯೂ ಐದಕ್ಕೆ ಐದು ನಕ್ಷತ್ರ ಬಂದುವು. ಕಂಪೆನಿಯವರಿಗೆ ಅಷ್ಟು ಸಾಲದೆ, ಲೆಕ್ಕ ಹಾಕಿದರೆ ನಮ್ಮದು ೫.೪ ನಕ್ಷತ್ರ ಎಂದು ಸಾರಿಕೊಂಡರು. ಐದರ ಮೇಲೆ ನಾವು ನಕ್ಷತ್ರ ಕೊಡುವುದಿಲ್ಲವೆಂದು ಇಲಾಖೆ ನೆನಪಿಸಬೇಕಾಯಿತು. ೨೦೧೭ರಲ್ಲಿ ವಿಮಾ ಕಂಪೆನಿಗಳ ಪರೀಕ್ಷಾಸಂಸ್ಥೆಯೊಂದು ಕಾರಿನ ಮೂಲೆಯೊಂದು ಮಾತ್ರ ತಗಲುವಂತೆ ಡಿಕ್ಕಿ ಹೊಡೆಸಿ ನೋಡಿದಾಗ, ಸೀಟುಪಟ್ಟಿ ಸಾಕಷ್ಟು ಬಿಗಿಹಿಡಿಯದೆ ಚಾಲಕನ ಬೊಂಬೆಯ ತಲೆ ಗಾಳಿಚೀಲವನ್ನೂ ಒತ್ತಿಕೊಂಡು ಸ್ಟಿಯರಿಂಗಿಗೆ ಬಡಿಯಿತು. ಆ ಪರೀಕ್ಷೆಯಲ್ಲಿ ಅತ್ಯುತ್ತಮ ದರ್ಜೆ ಕೈತಪ್ಪಿತು. ಪ್ರಶ್ನೆಪತ್ರಿಕೆ ಬದಲಾದರೆ ಅಂಕವೂ ಬದಲಾಗುತ್ತದೆ.

ವಿದ್ಯುತ್ತಿನಿಂದ ಓಡುತ್ತದೆ ಎಂದ ಮಾತ್ರಕ್ಕೆ ಈ ಗುಣಗಳು ತಾವಾಗಿ ಬರುವುದಿಲ್ಲವೆಂಬುದಕ್ಕೆ ನಮ್ಮ ಬೆಂಗಳೂರಿನ ರೇವಾ ಕಾರೇ ಸಾಕ್ಷಿ. ೨೦೦೧ರಲ್ಲಿ ಹೊರಬಂದ ಆ ಪುಟ್ಟ ಕಾರು ಲಂಡನ್ನಿನ ಬೀದಿಗಳಲ್ಲಿಯೂ ‘ಜಿ-ವಿಜ್’ ಎಂಬ ಹೆಸರಿನಿಂದ ಓಡಾಡಿತು. ಅಲ್ಲಿನ ಕಾನೂನು ಅದನ್ನು ಕಾರೆಂದು ಎಣಿಸದೆ ನಾಲ್ಕು ಗಾಲಿಯ ಹಗುರ ಬಂಡಿಯೆಂದು ಎಣಿಸಿದ್ದರಿಂದ, ಕಾರುಗಳಿಗೆ ವಿಧಿಸಿದ ಡಿಕ್ಕಿಯ ಪರೀಕ್ಷೆ ಅದಕ್ಕೆ ಇರಲಿಲ್ಲ. ೨೦೦೭ರಲ್ಲಿ ಬ್ರಿಟನ್ನಿನಲ್ಲಿ ಖಾಸಗಿಯಾಗಿ ಡಿಕ್ಕಿ ಹೊಡೆಸಿ ನೋಡಿದಾಗ ಫಲ ಗಾಬರಿ ಹುಟ್ಟಿಸುವಂತಿತ್ತು. ಮುಂದೆ ಅದರ ಚೌಕಟ್ಟನ್ನು ಬಲಪಡಿಸಿದರೆನ್ನಿ. ಪೇಟೆಯ ಸುತ್ತಾಟಕ್ಕೆಂದು ಹುಟ್ಟಿದ ಆ ಬಂಡಿಗೂ ಈ ವೇಗದ ಕುದುರೆಗೂ ವಿದ್ಯುತ್ತೊಂದನ್ನು ಬಿಟ್ಟರೆ ನಂಟಿಲ್ಲ.

ಇನ್ನು ಬೆಂಕಿಯ ವಿಚಾರ. ಜನ ಮೊದಲು ಕೇಳುವುದು ಇದನ್ನೇ. ಕೇಳುವುದು ನ್ಯಾಯವೂ ಹೌದು. ೨೦೧೩ರ ಅಕ್ಟೋಬರ್ ೧ರಂದು ವಾಷಿಂಗ್‌ಟನ್ ರಾಜ್ಯದ ಕೆಂಟ್ ಊರಿನ ಬಳಿ ಹೆದ್ದಾರಿಯಲ್ಲಿ ಒಂದು ಮಾಡೆಲ್ ಎಸ್ ಹೋಗುತ್ತಿತ್ತು. ದಾರಿಯಲ್ಲಿ ಬಿದ್ದಿದ್ದ ಬಾಗಿದ ಲೋಹದ ತುಂಡೊಂದು ಅಡಿಯಲ್ಲಿ ಸಿಕ್ಕಿ, ಮೀಟುಗೋಲಿನಂತೆ ಎದ್ದು ನಿಂತು ತಳವನ್ನು ಇರಿಯಿತು. ಕಾಲಂಗುಲ ದಪ್ಪದ ರಕ್ಷಾಫಲಕದಲ್ಲಿ ಮೂರಂಗುಲ ಅಗಲದ ತೂತು ಬಿದ್ದಿತು. ಇರಿತದ ಬಲ ೨೫ ಟನ್ನಿನಷ್ಟಿತ್ತೆಂದು ಕಂಪೆನಿ ಲೆಕ್ಕ ಹೇಳಿತು. ಅನಂತರ ನಡೆದದ್ದು ಗಮನಾರ್ಹ. ಕಾರು ತಾನೇ ಚಾಲಕನಿಗೆ ಬದಿಗೆ ನಿಲ್ಲಿಸೆಂದು ಎಚ್ಚರಿಕೆ ಕೊಟ್ಟಿತು. ಅವನು ಹೆದ್ದಾರಿಯಿಂದ ಹೊರಬಂದು, ನಿಲ್ಲಿಸಿ, ಇಳಿದು ದೂರ ನಿಂತ ಮೇಲೆ ಬೆಂಕಿ ಹೊತ್ತಿತು. ಅದೇ ತಿಂಗಳು ಮೆಕ್ಸಿಕೋ ದೇಶದಲ್ಲಿ ಅತಿವೇಗದಿಂದ ಬಂದ ಕಾರೊಂದು ಗೋಡೆಗೂ ಮರಕ್ಕೂ ಬಡಿದು ಉರಿಯಿತು. ನವೆಂಬರ್ ೬ರಂದು ಟೆನೆಸೀ ರಾಜ್ಯದಲ್ಲಿ, ರಸ್ತೆಯಲ್ಲಿ ಬಿದ್ದಿದ್ದ, ಟ್ರೇಲರು ಜೋಡಿಸುವ ಕೊಂಡಿಯೊಂದು ತಗಲಿ ಮೂರನೆಯದು ಉರಿಯಿತು. ಮೂರರಲ್ಲಿಯೂ ಒಳಗಿದ್ದವರು ನಡೆದುಕೊಂಡು ಹೊರಗೆ ಬಂದರು.

ಮೊದಲನೆಯ ಬೆಂಕಿಯಾದಾಗ ಕಂಪೆನಿಯ ಮುಖ್ಯಸ್ಥ ಎಲಾನ್ ಮಸ್ಕ್ ಒಂದು ಲೆಕ್ಕ ಮುಂದಿಟ್ಟರು: ಅಮೆರಿಕಾದ ವಾಹನಗಳೆಲ್ಲವನ್ನೂ ಸೇರಿಸಿದರೆ ಎರಡು ಕೋಟಿ ಮೈಲಿಗೆ ಒಂದು ಬೆಂಕಿ, ನಮ್ಮವು ಹತ್ತು ಕೋಟಿ ಮೈಲಿ ಓಡಿ ಆದದ್ದು ಒಂದೇ ಬೆಂಕಿ. ಕೇಳಲು ಇಂಪಾದ ಲೆಕ್ಕ. ಆದರೆ ಒಂದೇ ಒಂದು ಘಟನೆಯ ಮೇಲೆ ನಿಂತ ಪ್ರಮಾಣ ಒಂಟಿಕಾಲಿನ ಮಣೆಯಂತೆ; ಐದೇ ವಾರದಲ್ಲಿ ಒಂದು ಮೂರಾಯಿತು. ಅದೂ ಅಲ್ಲದೆ ಒಂದು ವರ್ಷದ ಹೊಸ ಕಾರುಗಳನ್ನು, ಪೆಟ್ರೋಲು ಸೋರುವ ಇಪ್ಪತ್ತು ವರ್ಷದ ಮುದಿಬಂಡಿಗಳೂ ಸೇರಿದ ದೊಡ್ಡ ಹಿಂಡಿನೊಡನೆ ತೂಗುವುದು ಸರಿಯಾದ ತಕ್ಕಡಿಯಲ್ಲ. ನನಗೆ ಮೆಚ್ಚಿಕೆಯಾದದ್ದು ಆ ಲೆಕ್ಕವಲ್ಲ, ಆಮೇಲೆ ಮಾಡಿದ ಕೆಲಸ. ದೂರದಿಂದಲೇ ಕಾರಿನ ಗಣಕಕ್ಕೆ ಹೊಸ ಆಜ್ಞೆ ಕಳುಹಿಸಿ, ಹೆದ್ದಾರಿಯ ವೇಗದಲ್ಲಿ ಕಾರು ನೆಲದಿಂದ ತುಸು ಎತ್ತರವಾಗಿ ಓಡುವಂತೆ ಮಾಡಿದರು. ೨೦೧೪ರ ಮಾರ್ಚಿನಲ್ಲಿ ತಳಕ್ಕೆ ಮೂರು ಹಂತದ ರಕ್ಷೆ ಕೊಟ್ಟರು: ಬಿದ್ದ ವಸ್ತುವನ್ನು ಪಕ್ಕಕ್ಕೆ ತಳ್ಳುವ ಟೊಳ್ಳು ಅಲ್ಯೂಮಿನಿಯಂ ದಂಡ, ಅದರ ಹಿಂದೆ ಟೈಟೇನಿಯಂ ತಗಡು, ಅದಕ್ಕೂ ಹಿಂದೆ ಗಟ್ಟಿ ಅಲ್ಯೂಮಿನಿಯಂ ಪಟ್ಟಿ. ಆಗಲೇ ಮಾರಿದ್ದ ಕಾರುಗಳಿಗೂ ಕೇಳಿದವರಿಗೆ ಪುಕ್ಕಟೆಯಾಗಿ ಹಾಕಿಕೊಟ್ಟರು. ನವೆಂಬರಿನಲ್ಲಿ ವಿಚಾರಣೆ ಆರಂಭಿಸಿದ್ದ ಸರ್ಕಾರದ ಇಲಾಖೆ ಅದೇ ಮಾರ್ಚಿನಲ್ಲಿ ಅದನ್ನು ಮುಕ್ತಾಯಗೊಳಿಸಿತು.

ಬ್ಯಾಟರಿಯ ಬೆಂಕಿಗೆ ಒಂದು ವಿಚಿತ್ರ ಸ್ವಭಾವವಿದೆ. ಈ ಕಾರಿನ ೮೫ ಯೂನಿಟ್ಟಿನ (ಮನೆಯ ವಿದ್ಯುತ್ ಬಿಲ್ಲಿನಲ್ಲಿ ಬರೆಯುತ್ತಾರಲ್ಲ, ಅದೇ ಯೂನಿಟ್ಟು) ಬ್ಯಾಟರಿಯೆಂದರೆ ಕೈಬೆರಳಿನಷ್ಟು ಗಾತ್ರದ ಏಳು ಸಾವಿರಕ್ಕೂ ಮಿಕ್ಕಿದ ಲಿಥಿಯಂ ಕೋಶಗಳ ಗುಂಪು. ಒಂದು ಕೋಶ ಜಖಂಗೊಂಡು ಕಾದರೆ ತನ್ನ ಬಿಸಿಯಿಂದ ತಾನೇ ಇನ್ನಷ್ಟು ಕಾಯುತ್ತದೆ, ಪಕ್ಕದ ಕೋಶವನ್ನೂ ಕಾಯಿಸುತ್ತದೆ. ಒಟ್ಟುಕುಟುಂಬದಲ್ಲಿ ಒಬ್ಬರ ಸಿಟ್ಟು ಇನ್ನೊಬ್ಬರಿಗೆ ಹತ್ತಿದಂತೆ. ಅದಕ್ಕಾಗಿ ಕೋಶಗಳನ್ನು ಹದಿನಾರು ಕೋಣೆಗಳಾಗಿ ವಿಂಗಡಿಸಿ ನಡುವೆ ತಡೆಗೋಡೆ ಇಟ್ಟಿರುತ್ತಾರೆ. ಪೆಟ್ರೋಲಿನಂತೆ ಒಮ್ಮೆಗೇ ಭುಗಿಲೇಳದೆ ಈ ಬೆಂಕಿ ಹೊರಗೆ ಬರಲು ಒಂದಿಷ್ಟು ಕಾಲ ಕೊಡುವುದುಂಟು. ಆದರೆ ಆರಿಸುವುದು ಮಾತ್ರ ಬಹು ಕಷ್ಟ. ಅಗ್ನಿಶಾಮಕದವರಿಗಾಗಿ ಕಂಪೆನಿಯೇ ಬರೆದ ಕೈಪಿಡಿಯಲ್ಲಿ ಸುಮಾರು ೧೧,೦೦೦ ಲೀಟರು ನೀರು ಬೇಕಾದೀತು ಎಂದಿದೆ. ನಮ್ಮ ಬಡಾವಣೆಗಳಿಗೆ ಬರುವ ದೊಡ್ಡ ಟ್ಯಾಂಕರಿನಷ್ಟು ಎನ್ನಿ. ಆರಿತೆಂದು ಎಳೆದುಕೊಂಡು ಹೋದ ಮೇಲೆ ಮತ್ತೆ ಹೊತ್ತಿಕೊಳ್ಳುವುದೂ ಉಂಟು. ೨೦೧೮ರ ಮಾರ್ಚಿನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಅಪಘಾತಕ್ಕೀಡಾದ, ಇದೇ ಕಂಪೆನಿಯ ಮಾಡೆಲ್ ಎಕ್ಸ್ ಕಾರು ಐದು ದಿನಗಳ ಅನಂತರ ಗುಜರಿಯ ಅಂಗಳದಲ್ಲಿ ಮತ್ತೆ ಹೊತ್ತಿಕೊಂಡಿತು. ಜಖಂಗೊಂಡ ಬ್ಯಾಟರಿಯೊಳಗೆ ಉಳಿದುಬಿಡುವ ಈ ವಿದ್ಯುತ್ತು ರಕ್ಷಣೆಗೆ ಬಂದವರಿಗೇ ಅಪಾಯವೆಂದು ಆ ದೇಶದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ೨೦೨೦ರಲ್ಲಿ ಒಂದು ವರದಿಯನ್ನೇ ಹೊರತಂದಿತು.

ಈಗ ನೆಚ್ಚಿಕೆಗೆ ಬರೋಣ. ನೂರಮೂರು ಅಂಕ ಪಡೆದ ಆ ಪರೀಕ್ಷೆಯ ಕಾರನ್ನೇ ನೋಡಿ. ಅದಕ್ಕೆ ಸಂಸ್ಥೆಯವರು ತೆತ್ತದ್ದು ೧,೨೭,೮೨೦ ಡಾಲರು. ತಂದು ಇಪ್ಪತ್ತೇಳು ದಿನವಾಗಿತ್ತು, ಓಡಿದ್ದು ೨,೩೦೦ ಮೈಲಿ. ಈ ಕಾರಿನ ಬಾಗಿಲ ಹಿಡಿಗಳು ಸಾಮಾನ್ಯವಾಗಿ ಮೈಯೊಳಗೆ ಅಡಗಿದ್ದು, ಯಜಮಾನ ಹತ್ತಿರ ಬಂದಾಗ ಪುಟ್ಟ ಮೋಟಾರಿನ ಬಲದಿಂದ ಹೊರಕ್ಕೆ ಚಾಚಿಕೊಳ್ಳುತ್ತವೆ. ಅಂದು ಚಾಲಕನ ಕಡೆಯ ಹಿಡಿ ಹೊರಬರಲಿಲ್ಲ. ಇನ್ನೊಂದು ಬಾಗಿಲಿನಿಂದ ನುಗ್ಗಿ ಕುಳಿತರೂ, ಬಾಗಿಲು ತೆರೆದಿದೆಯೆಂದೇ ನಂಬಿಕೊಂಡ ಕಾರು ಓಡಲು ಒಪ್ಪಲಿಲ್ಲ. ಗಾಳಿಯನ್ನು ಹಿಂದೆ ಹಾಕುವ ಕುದುರೆ ಲಾಯದಲ್ಲೇ ಮೊಂಡು ಹಿಡಿದು ನಿಂತಿತು! ಕಂಪೆನಿಯ ಕೆಲಸಗಾರ ಬಂದು ಬಿಟ್ಟಿಯಾಗಿ ಸರಿಪಡಿಸಿದ, ನಿಜ.

ಮೋಟಾರು ಸರಳ ಯಂತ್ರ, ಅಲುಗಾಡುವ ಭಾಗಗಳು ಕೆಲವೇ, ಆದ್ದರಿಂದ ಕೆಡುವುದೇ ಇಲ್ಲ ಎಂದು ವಿದ್ಯುತ್ ಕಾರಿನ ಅಭಿಮಾನಿಗಳು ಹೇಳುತ್ತಿದ್ದರು. ಆದರೆ ಮೊದಲ ವರ್ಷಗಳ ಎಷ್ಟೋ ಕಾರುಗಳಲ್ಲಿ ಮೋಟಾರಿನ ಕಡೆಯಿಂದ ಅರೆಯುವ ಸದ್ದು ಎದ್ದು, ಇಡೀ ಘಟಕವನ್ನೇ ಬದಲಿಸಬೇಕಾಯಿತು. ೨೦೧೪ರ ಆಗಸ್ಟಿನಲ್ಲಿ ಕಂಪೆನಿ ಅದಕ್ಕೆ ಎಂಟು ವರ್ಷದ, ಮೈಲಿಯ ಮಿತಿಯಿಲ್ಲದ ಖಾತರಿ ಬರೆದುಕೊಟ್ಟಿತು. ೨೦೧೫ರಲ್ಲಿ ಸುಮಾರು ೧,೪೦೦ ಮಂದಿ ಮಾಲಿಕರು ಸಂಸ್ಥೆಗೆ ಕಳುಹಿಸಿದ ಉತ್ತರಗಳಲ್ಲಿ ಕಂಡದ್ದು: ಮೋಟಾರಿನ ದೋಷ, ಬ್ಯಾಟರಿ ತುಂಬುವ ಸಲಕರಣೆಯ ದೋಷ, ನಡುವಿನ ದೊಡ್ಡ ತೆರೆಯ ದೋಷ, ಛಾವಣಿಯ ಸೋರಿಕೆ, ಕಿರಗುಟ್ಟುವಿಕೆ. ನೆಚ್ಚಿಕೆ ಸರಾಸರಿಗಿಂತ ಕೆಳಗೆಂದು ತೀರ್ಪಾಯಿತು. ಸೋಜಿಗವೆಂದರೆ, ಅದೇ ಸಂಸ್ಥೆ ‘ಮತ್ತೆ ಇದೇ ಕಾರು ಕೊಳ್ಳುವಿರಾ?’ ಎಂದು ಕೇಳಿದಾಗ ನೂರಕ್ಕೆ ೯೭ ಮಂದಿ ಹೌದೆಂದರು. ಹಾಲು ಕೊಡುವ ಹಸು ಒದ್ದರೂ ಜನ ಸಹಿಸುತ್ತಾರೆ. ಕೊಟ್ಟಿಗೆಯಲ್ಲಿ ಇನ್ನೊಂದು ಹಸುವಿದ್ದವರಿಗೆ ಸಹನೆ ಇನ್ನೂ ಸುಲಭ. ಇರುವುದೊಂದೇ ಕಾರು, ಬೆಳಿಗ್ಗೆ ಅದರಲ್ಲಿಯೇ ಮಕ್ಕಳು ಶಾಲೆಗೆ ಹೋಗಬೇಕು ಎನ್ನುವ ಮನೆಯವರು ಅಷ್ಟು ಉದಾರವಾಗಿ ಉತ್ತರಿಸುತ್ತಿದ್ದರೇ ಎಂಬುದು ನನ್ನ ಸಂದೇಹ. ೨೦೧೬ರಲ್ಲಿ ದೋಷಗಳು ಸರಾಸರಿಗೆ ಇಳಿದುವು, ಶಿಫಾರಸು ಹಿಂದಿರುಗಿತು.

ಇವೆರಡು ಗುಣಗಳನ್ನು ಬೇರೆ ಬೇರೆ ಎಂದೆ. ಅವು ಒಂದಾಗುವ ಜಾಗಗಳೂ ಇವೆ; ನಿಜವಾಗಿ ಹೆದರಬೇಕಾದುದು ಅಲ್ಲಿ. ೨೦೧೫ರ ನವೆಂಬರಿನಲ್ಲಿ ಯೂರೋಪಿನಲ್ಲಿ ಮುಂದಿನ ಸೀಟಿನವರೊಬ್ಬರು ಹಿಂದಿನವರೊಡನೆ ಮಾತನಾಡಲು ತಿರುಗಿದಾಗ ಸೀಟುಪಟ್ಟಿ ಕಳಚಿ ಕೈಗೆ ಬಂದಿತು. ಅಪಘಾತವೇನೂ ಆಗಿರಲಿಲ್ಲ. ಆ ಒಂದೇ ಕಾರಣಕ್ಕೆ ಕಂಪೆನಿ ಸುಮಾರು ೯೦,೦೦೦ ಕಾರುಗಳನ್ನೂ ತಪಾಸಣೆಗೆ ಕರೆಸಿತು. ಇದು ಮೆಚ್ಚತಕ್ಕ ನಡೆ. ಇದಕ್ಕೆ ವಿರುದ್ಧವಾದುದು ನೆನಪಿನ ಚಿಪ್ಪಿನ ಪ್ರಸಂಗ. ನಡುವಿನ ಹದಿನೇಳು ಅಂಗುಲದ ತೆರೆಯ ಹಿಂದೆ ಇದ್ದ ಎಂಟು ಗಿಗಾಬೈಟಿನ ಚಿಪ್ಪು ಬರೆದು ಅಳಿಸಿ ಬರೆದು, ಕೆಲವು ವರ್ಷಗಳಲ್ಲಿ ಸವೆದುಹೋಗುತ್ತಿತ್ತು. ಅದು ಸತ್ತರೆ ಹಿಂಬದಿಯನ್ನು ತೋರಿಸುವ ಕ್ಯಾಮೆರಾ ಕುರುಡು, ಗಾಜಿನ ಮಂಜು ಕರಗಿಸುವ ಗುಂಡಿಗಳೂ ಅದೇ ತೆರೆಯಲ್ಲಿ ಮಾಯ. ಸವೆಯುವ ವಸ್ತು ಸವೆಯುವುದು ಸಹಜ, ಕಾರಿನ ಆಯುಷ್ಯವೆಲ್ಲ ಅದು ಬಾಳಬೇಕೆಂದು ಅಪೇಕ್ಷಿಸಲಾಗದೆಂದು ಕಂಪೆನಿ ವಾದಿಸಿತು. ಟೈರು ಸವೆದರೆ ಕಣ್ಣಿಗೆ ಕಾಣುತ್ತದೆ. ತೆರೆಯ ಹಿಂದಿನ ಚಿಪ್ಪು ಸವೆದುದನ್ನು ಯಾವ ಗೃಹಸ್ಥ ಕಂಡಾನು? ಸರ್ಕಾರದ ಇಲಾಖೆ ಪಟ್ಟುಹಿಡಿದ ಮೇಲೆ ೨೦೨೧ರ ಫೆಬ್ರವರಿಯಲ್ಲಿ ಸುಮಾರು ೧,೩೫,೦೦೦ ಕಾರುಗಳು ದುರಸ್ತಿಗೆ ಹಿಂದಿರುಗಿದುವು.

ಆ ಬಾಗಿಲ ಹಿಡಿಯ ಕತೆಗೂ ಒಂದು ಉತ್ತರಾರ್ಧವಿದೆ. ೨೦೧೯ರ ಫೆಬ್ರವರಿಯಲ್ಲಿ ಫ್ಲಾರಿಡಾದ ಡೇವಿ ಎಂಬಲ್ಲಿ ಅತಿವೇಗದ ಮಾಡೆಲ್ ಎಸ್ ಒಂದು ರಸ್ತೆಬಿಟ್ಟು ಮರಗಳಿಗೆ ಬಡಿಯಿತು, ಬೆಂಕಿ ಹತ್ತಿತು, ಚಾಲಕ ಸತ್ತ. ಒಳಸರಿದಿದ್ದ ಹಿಡಿಗಳು ಹೊರಬರದೆ, ಓಡಿಬಂದ ಪೊಲೀಸಿನವನಿಗೆ ಬಾಗಿಲು ತೆರೆಯಲಾಗಲಿಲ್ಲವೆಂಬುದು ಮನೆಯವರು ಹೂಡಿದ ದಾವೆಯ ಆಪಾದನೆ. ಪರೀಕ್ಷೆಯವರ ಅಂಗಳದಲ್ಲಿ ನಗೆಪಾಟಲಾದ ದೋಷ ಇಲ್ಲಿ ನಗುವ ವಿಷಯವಾಗಿ ಉಳಿಯಲಿಲ್ಲ.

ಯಾವ ಕಂಪೆನಿಯದೇ ಆಗಲಿ, ಇಂಥ ಕಾರನ್ನು ನೋಡಲು ಹೋದವರು ವೇಗವನ್ನೂ ತೆರೆಯ ಬೆಡಗನ್ನೂ ನೋಡಿ ಮುಗಿದ ಮೇಲೆ ಒಂದು ಮಾತು ಕೇಳಬೇಕು: ವಿದ್ಯುತ್ತು ಪೂರ್ತಿ ನಿಂತುಹೋದರೆ ಹಿಂದಿನ ಸೀಟಿನ ಮಗು ಹೊರಗೆ ಬರುವುದು ಹೇಗೆ? ಆ ಕಾಲದ ಮಾಡೆಲ್ ಎಸ್ ಕಾರುಗಳಲ್ಲಿ ಮುಂದಿನ ಬಾಗಿಲುಗಳನ್ನು ಒಳಗಿನ ಹಿಡಿ ಎಳೆದರೆ ತೆರೆಯಬಹುದಿತ್ತು. ಹಿಂದಿನವಕ್ಕೆ ಬೇರೆ ಏರ್ಪಾಡು: ಸೀಟಿನ ಕೆಳಗಿನ ಜಮಖಾನೆಯ ಅಂಚನ್ನು ಮಡಿಸಿ, ಅದರಡಿಯಲ್ಲಿರುವ ತಂತಿಯನ್ನು ಹುಡುಕಿ, ಕಾರಿನ ನಡುವಿನ ಕಡೆಗೆ ಎಳೆಯಬೇಕು.