ಅಮಟೂರು ಬಾಳಪ್ಪನ ಗುಂಡು

1824ನೆಯ ಇಸವಿ ಅಕ್ಟೋಬರ್ 23ರಂದು ಕಿತ್ತೂರು ಕೋಟೆಯ ಮುಂದೆ ನಡೆದ ಕಾಳಗದಲ್ಲಿ ಧಾರವಾಡದ ಕಲೆಕ್ಟರನೂ ಕಂಪನಿ ಸರಕಾರದ ಪೊಲಿಟಿಕಲ್ ಏಜೆಂಟನೂ ಆಗಿದ್ದ ಸೇಂಟ್ ಜಾನ್ ಥ್ಯಾಕರೆಯು ಗುಂಡೇಟಿನಿಂದ ಮಡಿದನು. ಆ ಗುಂಡನ್ನು ಹಾರಿಸಿದವನು ರಾಣಿ ಚನ್ನಮ್ಮನ ನಂಬಿಗೆಯ ಬಂಟನಾದ ಅಮಟೂರು ಬಾಳಪ್ಪನೆಂದು ನಮ್ಮ ನಾಡು ಇಂದಿಗೂ ನೆನೆಯುತ್ತಿದೆ. ಅಮಟೂರು ಬೈಲಹೊಂಗಲ ತಾಲೂಕಿನ ಒಂದು ಹಳ್ಳಿ. ಆ ಸೀಮೆಯ ಮಕ್ಕಳಿಗೆ ಬಾಳಪ್ಪನ ಹೆಸರನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಕೆಲವು ದಿನಗಳ ಹಿಂದೆ ನಮ್ಮ ಕಾಲೇಜಿನ ವಿದ್ಯಾರ್ಥಿಗಳನ್ನು ಕರೆದುಕೊಂಡು ಕಿತ್ತೂರಿಗೆ ಹೋಗಿದ್ದೆನು. ಹಾಳುಬಿದ್ದ ಅರಮನೆಯನ್ನು ನೋಡಿಕೊಂಡು ಹೊರಕ್ಕೆ ಬರುತ್ತಿದ್ದಾಗ ಒಬ್ಬ ವಿದ್ಯಾರ್ಥಿಯು, "ಸರ್, ಬಾಳಪ್ಪ ಎಷ್ಟು ದೂರದಿಂದ ಹೊಡೆದಿರಬೇಕು?" ಎಂದು ಕೇಳಿದನು. ಇನ್ನೊಬ್ಬನು ಕೂಡಲೇ, "ಅರ್ಧ ಮೈಲಿಯಾದರೂ ಇರಬೇಕು. ಅವನು ಈಗಿನ ಸ್ನೈಪರುಗಳ ಹಾಗೆ" ಎಂದನು. ಮೊದಲಿನವನು ನನ್ನ ಮುಖವನ್ನು ನೋಡಿದನು. ನಾನು ಚರಿತ್ರೆಯ ಅಧ್ಯಾಪಕನಲ್ಲ, ಭೌತಶಾಸ್ತ್ರದವನು. ಆದರೆ ಈ ಪ್ರಶ್ನೆ ಭೌತಶಾಸ್ತ್ರಕ್ಕೆ ಸೇರಿದ್ದೇ ಆಗಿದೆ. ಅಂದು ದಾರಿಯಲ್ಲಿ ಅವರಿಗೆ ಹೇಳಿದುದನ್ನೇ ಇಲ್ಲಿ ತುಸು ವಿಸ್ತರಿಸಿ ಬರೆದಿದ್ದೇನೆ.

ನುಣುಪು ನಳಿಕೆಯ ದೋಷ

ಆ ಕಾಲದಲ್ಲಿ ದೇಶೀಯ ಸೈನ್ಯಗಳಲ್ಲಿ ವಾಡಿಕೆಯಲ್ಲಿದ್ದುದು ಜಾಮಗಿಯ ಕೋವಿ. ಜಾಮಗಿಯೆಂದರೆ ನಿಧಾನವಾಗಿ ಉರಿಯುವ ಬತ್ತಿ. ನಳಿಕೆಯ ಬಾಯಿಂದ ಕರಿಮದ್ದನ್ನು ಸುರಿದು, ಸೀಸದ ಗುಂಡನ್ನು ಇಳಿಬಿಟ್ಟು, ಗಜದಿಂದ ಜಡಿದು, ಕುದುರೆಯನ್ನು ಎಳೆದಾಗ ಬತ್ತಿಯ ಕಿಡಿಯು ಮದ್ದಿಗೆ ತಗಲಿ ಕೋವಿ ಹಾರುತ್ತಿದ್ದಿತು. ಕಂಪನಿಯ ಸಿಪಾಯಿಗಳ ಬಳಿ ಬತ್ತಿಯ ಬದಲಿಗೆ ಚಕಮಕಿ ಕಲ್ಲಿನ ಬಂದೂಕುಗಳಿದ್ದುವು. ಕಿಡಿ ಹೊತ್ತಿಸುವ ರೀತಿ ಬೇರೆಯಾದರೂ ಎರಡರ ನಳಿಕೆಯೂ ಒಳಗೆ ನುಣುಪಾಗಿಯೇ ಇರುತ್ತಿದ್ದಿತು.

ಬಾಯಿಂದ ತುಂಬುವ ಕೋವಿಯಲ್ಲಿ ಗುಂಡು ಸಲೀಸಾಗಿ ಇಳಿಯಬೇಕಾದರೆ ಅದು ನಳಿಕೆಗಿಂತ ಸ್ವಲ್ಪ ಚಿಕ್ಕದಾಗಿರಬೇಕು. ಹಾಗಾದಾಗ ಮದ್ದು ಸಿಡಿದೊಡನೆ ಗುಂಡು ನೇರವಾಗಿ ಜಾರಿ ಬಾರದೆ ಆ ಪಕ್ಕಕ್ಕೊಮ್ಮೆ ಈ ಪಕ್ಕಕ್ಕೊಮ್ಮೆ ಬಡಿಯುತ್ತ ಹೊರಬೀಳುತ್ತದೆ. ಕೊನೆಯ ಬಡಿತ ಯಾವ ಕಡೆಗೋ ಅದರ ವಿರುದ್ಧ ದಿಕ್ಕಿಗೆ ಗುಂಡು ಓರೆಯಾಗುತ್ತದೆ. ಮೇಲಾಗಿ ಆ ಬಡಿತದಿಂದ ಅದಕ್ಕೆ ಒಂದು ಸುತ್ತು ಬಂದಿರುತ್ತದೆ. ಸುತ್ತುತ್ತ ಹೋಗುವ ಚೆಂಡು ಗಾಳಿಯಲ್ಲಿ ಬಾಗುವುದನ್ನು ಕ್ರಿಕೆಟ್ಟಿನ ಸ್ಪಿನ್ ಬೌಲಿಂಗಿನಲ್ಲಿ ನೀವು ಕಂಡಿದ್ದೀರಿ. ಗುಂಡೂ ಹಾಗೆಯೇ ಬಾಗುತ್ತದೆ. ಯಾವ ಕಡೆಗೆಂದು ಹೊಡೆಯುವವನಿಗೆ ತಿಳಿಯದು.

ಇದನ್ನು ಮೊದಲು ಪ್ರಯೋಗದಿಂದ ತೋರಿಸಿದವನು ಇಂಗ್ಲೆಂಡಿನ ಗಣಿತಜ್ಞ ಬೆಂಜಮಿನ್ ರಾಬಿನ್ಸ್. ಗುಂಡಿನ ವೇಗವನ್ನು ಅಳೆಯಲು ಅವನು ಒಂದು ಭಾರವಾದ ಮರದ ದಿಮ್ಮಿಯನ್ನು ಲೋಲಕದಂತೆ ತೂಗಹಾಕಿ ಅದಕ್ಕೆ ಗುಂಡು ಹೊಡೆದನು. ದಿಮ್ಮಿ ಎಷ್ಟು ತೂಗಿತೆಂಬುದರಿಂದ, ಸಂವೇಗ ಸಂರಕ್ಷಣೆಯ ನಿಯಮವನ್ನು ಹಿಡಿದು, ಗುಂಡಿನ ವೇಗವನ್ನು ಲೆಕ್ಕಹಾಕಿದನು. ಈ ಗ್ರಂಥ 1742ರಲ್ಲಿ ಹೊರಬಂದಿತು. ಗಾಳಿಯ ತಡೆಯು ಅಂದಿನ ಪಂಡಿತರು ಎಣಿಸಿದುದಕ್ಕಿಂತ ಎಷ್ಟೋ ಹೆಚ್ಚೆಂದು ಅದರಿಂದ ತಿಳಿದುಬಂದಿತು. ಮುಂದೆ ರಾಬಿನ್ಸನು ಈಸ್ಟ್ ಇಂಡಿಯಾ ಕಂಪನಿಯ ಎಂಜಿನಿಯರನಾಗಿ ನಮ್ಮ ದೇಶಕ್ಕೇ ಬಂದು, 1751ರಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡನು.

ಒಂದು ಸುಲಭ ಲೆಕ್ಕ

ನುಣುಪು ನಳಿಕೆಯ ಗುಂಡು ತನ್ನ ದಾರಿಯಿಂದ ಅರ್ಧ ಡಿಗ್ರಿಯವರೆಗೆ ಯಾವ ಕಡೆಗಾದರೂ ಸರಿಯಬಹುದೆಂದು ಇಟ್ಟುಕೊಳ್ಳೋಣ. ಅರ್ಧ ಡಿಗ್ರಿ ಬಹು ಸಣ್ಣ ಕೋನ. ಆಕಾಶದಲ್ಲಿ ಹುಣ್ಣಿಮೆಯ ಚಂದ್ರನ ಅಗಲ ಅಷ್ಟೇ. ಆದರೆ ದೂರ ಹೆಚ್ಚಿದಂತೆ ಈ ಕೋನ ಏನು ಮಾಡುತ್ತದೆಂಬುದನ್ನು ನೋಡಿರಿ. 30 ಮೀಟರ್ ದೂರದಲ್ಲಿ ಅದು ಗುಂಡನ್ನು 26 ಸೆಂಟಿಮೀಟರ್ ಸರಿಸುತ್ತದೆ. 100 ಮೀಟರಿನಲ್ಲಿ 87 ಸೆಂಟಿಮೀಟರ್. 200 ಮೀಟರಿನಲ್ಲಿ ಒಂದೂಮುಕ್ಕಾಲು ಮೀಟರ್.

ನಿಂತ ಮನುಷ್ಯನ ಅಗಲ ಸುಮಾರು ಅರ್ಧ ಮೀಟರ್. ಎದೆಗೆ ಗುರಿಯಿಟ್ಟರೆ 30 ಮೀಟರಿನಲ್ಲಿ ಗುಂಡು ತಪ್ಪುವುದು ಅಪರೂಪ. 100 ಮೀಟರಿನಲ್ಲಿ ಗುಂಡು ಬೀಳಬಹುದಾದ ವೃತ್ತದ ಕ್ಷೇತ್ರಫಲ ಸುಮಾರು 2.4 ಚದರ ಮೀಟರ್. ಅದರಲ್ಲಿ ಮನುಷ್ಯನ ಮೈ ತುಂಬುವುದು 0.8 ಚದರ ಮೀಟರಿನಷ್ಟು. ಎಂದರೆ ಮೂರು ಗುಂಡುಗಳಲ್ಲಿ ಒಂದು ತಾಗೀತು. 200 ಮೀಟರಿನಲ್ಲಿ ಹನ್ನೊಂದಕ್ಕೆ ಒಂದು. ಕೈ ಎಷ್ಟೇ ಸ್ಥಿರವಾಗಿರಲಿ, ಕಣ್ಣು ಎಷ್ಟೇ ಚುರುಕಾಗಿರಲಿ, ಈ ಲೆಕ್ಕ ಬದಲಾಗುವುದಿಲ್ಲ. ಏಕೆಂದರೆ ದೋಷವಿರುವುದು ಕೈಯಲ್ಲಲ್ಲ, ನಳಿಕೆಯಲ್ಲಿ.

ಬುಗುರಿಯ ಪಾಠ

ಈ ದೋಷಕ್ಕೆ ಮದ್ದೇನು? ನಳಿಕೆಯ ಒಳಗೋಡೆಯಲ್ಲಿ ತಿರುಪು ಮೊಳೆಯ ಸುತ್ತಿನಂತೆ ಗೀರುಗಳನ್ನು ಕೊರೆಯುವುದು. ಇಂಥ ನಳಿಕೆಯುಳ್ಳ ಕೋವಿಗೆ ರೈಫಲ್ ಎಂದು ಹೆಸರು. ಗುಂಡು ಗೀರುಗಳಿಗೆ ಕಚ್ಚಿಕೊಂಡು ಬರುವುದರಿಂದ ಅದು ತನ್ನ ಚಲನೆಯ ದಿಕ್ಕನ್ನೇ ಅಚ್ಚಾಗಿಸಿಕೊಂಡು ತಿರುಗುತ್ತ ಹೊರಬರುತ್ತದೆ. ನಿಂತ ಬುಗುರಿ ಉರುಳಿಬೀಳುತ್ತದೆ, ತಿರುಗುವ ಬುಗುರಿ ನೆಟ್ಟಗೆ ನಿಲ್ಲುತ್ತದೆ. ತಿರುಗುವ ವಸ್ತುವಿಗೆ ಕೋನೀಯ ಸಂವೇಗವಿರುತ್ತದೆ; ಅದರ ಅಚ್ಚನ್ನು ಓರೆಮಾಡಲು ಬಂದ ಬಲ ಅದನ್ನು ಕೆಡಹಲಾರದೆ ಮೆಲ್ಲಗೆ ಸುತ್ತುಹಾಕಿಸುತ್ತದೆ, ಅಷ್ಟೆ. ಹೀಗೆ ಗೀರು ಬಂದ ಮೇಲೆ ಉಂಡೆಯ ಬದಲು ಉದ್ದನೆಯ ಮೊನಚು ಗುಂಡನ್ನು ಬಳಸುವುದು ಸಾಧ್ಯವಾಯಿತು. ತಿರುಗದಿದ್ದರೆ ಅಂಥ ಗುಂಡು ಗಾಳಿಯಲ್ಲಿ ಲಾಗಹಾಕುತ್ತ ಹೋದೀತು.

ರೈಫಲ್ಲಿನ ಗುಣವನ್ನು ರಾಬಿನ್ಸನು 1747ರಲ್ಲಿಯೇ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ವಿವರಿಸಿದ್ದನು. ಆದರೆ ಗೀರಿಗೆ ಕಚ್ಚುವಷ್ಟು ಬಿಗಿಯಾದ ಗುಂಡನ್ನು ಬಾಯಿಂದ ಜಡಿದು ಇಳಿಸುವುದು ತಡವಾಗುತ್ತಿದ್ದುದರಿಂದ ಸೈನ್ಯಗಳು ಬಹುಕಾಲ ಹಿಂಜರಿದುವು. 1849ರಲ್ಲಿ ಫ್ರಾನ್ಸಿನ ಮಿನಿಯೆ ಎಂಬ ಅಧಿಕಾರಿಯು ಬುಡದಲ್ಲಿ ಪೊಳ್ಳಾದ ಗುಂಡನ್ನು ರೂಪಿಸಿದನು. ಅದು ಸಡಿಲವಾಗಿ ಇಳಿಯುತ್ತದೆ. ಮದ್ದು ಸಿಡಿದಾಗ ಅನಿಲದ ಒತ್ತಡಕ್ಕೆ ಬುಡ ಅರಳಿ ಗೀರುಗಳನ್ನು ಕಚ್ಚುತ್ತದೆ. 1853ರ ಎನ್‌ಫೀಲ್ಡ್ ರೈಫಲ್ ಈ ತತ್ತ್ವದ್ದೇ. 1857ರಲ್ಲಿ ಕೊಬ್ಬು ಸವರಿದ ತೋಟೆಗಳ ಸುದ್ದಿಯಿಂದ ಸಿಪಾಯಿಗಳನ್ನು ಕೆರಳಿಸಿದ ಕೋವಿ ಅದೇ. ಮರುವರ್ಷ, 1858ರ ಮೇ ತಿಂಗಳಲ್ಲಿ, ನರಗುಂದದ ಬಾಬಾಸಾಹೇಬನ ಕಡೆಯವರು ರಾಮದುರ್ಗದ ಹತ್ತಿರದ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ನನನ್ನು ಕೊಂದರು. ಕಿತ್ತೂರಿಗೂ ಸುರೇಬಾನಕ್ಕೂ ನಡುವೆ ಕಳೆದುದು ಮೂವತ್ತನಾಲ್ಕು ವರ್ಷ ಮಾತ್ರ. ಅಷ್ಟರಲ್ಲಿ ಕೋವಿಯ ಜಾತಿಯೇ ಬದಲಾಗಿದ್ದಿತು.

ಎನ್‌ಫೀಲ್ಡಿನ ಗೀರು ಸುಮಾರು ಎರಡು ಮೀಟರಿಗೆ ಒಂದು ಸುತ್ತು ಹಾಕುತ್ತಿದ್ದಿತು. ನಳಿಕೆಯ ಉದ್ದ ಒಂದು ಮೀಟರ್ ಮಾತ್ರವಾದುದರಿಂದ ಗುಂಡು ಅದರೊಳಗೆ ತಿರುಗುತ್ತಿದ್ದುದು ಅರ್ಧ ಸುತ್ತು! ಆದರೂ ಸೆಕೆಂಡಿಗೆ 360 ಮೀಟರ್ ವೇಗದಲ್ಲಿ ಹೊರಬಿದ್ದ ಗುಂಡು ಸೆಕೆಂಡಿಗೆ 180 ಸುತ್ತು ತಿರುಗಿದಂತಾಯಿತು. ಇಂದಿನ 7.62 ಮಿಲಿಮೀಟರ್ ರೈಫಲ್ಲಿನಲ್ಲಿ ಸಾಮಾನ್ಯವಾಗಿ 30 ಸೆಂಟಿಮೀಟರಿಗೆ ಒಂದು ಸುತ್ತು. ವೇಗ ಸುಮಾರು 840 ಮೀಟರ್. ಭಾಗಿಸಿ ನೋಡಿದರೆ ಸೆಕೆಂಡಿಗೆ 2,800 ಸುತ್ತು. ಒಳ್ಳೆಯ ರೈಫಲ್ಲಿನ ದೋಷ ಒಂದು ಡಿಗ್ರಿಯ ಅರವತ್ತನೆಯ ಒಂದು ಪಾಲಿನಷ್ಟು: 600 ಮೀಟರಿನಲ್ಲಿ ಸುಮಾರು 17 ಸೆಂಟಿಮೀಟರ್.

ಸ್ನೈಪರನ ಕೆಲಸ

ಸ್ನೈಪರ್ ಎಂಬ ಪದ ಹುಟ್ಟಿದುದು ನಮ್ಮ ದೇಶದ ಕೆರೆಗಳ ಅಂಚಿನಲ್ಲಿ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಇಲ್ಲಿದ್ದ ಇಂಗ್ಲಿಷ್ ಅಧಿಕಾರಿಗಳು ಕೆಸರಿನಲ್ಲಿ ಅಡಗಿ ಕೂರುವ ಸ್ನೈಪ್ ಹಕ್ಕಿಯ ಬೇಟೆಗೆ ಹೋಗುತ್ತಿದ್ದರು. ಎದ್ದೊಡನೆ ಅಂಕುಡೊಂಕಾಗಿ ಹಾರುವ ಆ ಹಕ್ಕಿಯನ್ನು ಹೊಡೆಯಬಲ್ಲವನು ಕುಶಲನೆನಿಸಿಕೊಳ್ಳುತ್ತಿದ್ದನು. ಇಂದು ಅಡಗಿ ಕುಳಿತು ದೂರದಿಂದ ಗುರಿಯಿಟ್ಟು ಹೊಡೆಯುವ ಸೈನಿಕನಿಗೆ ಆ ಹೆಸರು ನಿಂತಿದೆ.

ಅಡಗುವುದು ಸಾಧ್ಯವಾದುದಕ್ಕೆ ರಸಾಯನಶಾಸ್ತ್ರದ ನೆರವೂ ಇದೆ. ಕರಿಮದ್ದು ಹಾರಿದೊಡನೆ ಬಿಳಿಯ ಹೊಗೆಯ ಮೋಡವೆದ್ದು ಹೊಡೆದವನ ಠಾವನ್ನು ಸಾರಿಬಿಡುತ್ತಿದ್ದಿತು. 1884ರಲ್ಲಿ ಫ್ರಾನ್ಸಿನ ವಿಯೆಯ್ ಎಂಬ ರಸಾಯನಜ್ಞನು ಹೊಗೆಯಿಲ್ಲದ ಮದ್ದನ್ನು ಕಂಡುಹಿಡಿದನು. ಇನ್ನು ದೂರದರ್ಶಕದ ಉಪಕಾರ. ಹಳೆಯ ಕೋವಿಯಲ್ಲಿ ಹಿಂದಿನ ಕಂಡಿ, ಮುಂದಿನ ಮೊನೆ, ದೂರದ ಗುರಿ, ಈ ಮೂರನ್ನೂ ಕಣ್ಣು ಒಮ್ಮೆಗೇ ಸ್ಪಷ್ಟವಾಗಿ ಕಾಣಲಾರದು. ದೂರದರ್ಶಕವು ಗುರಿಯ ಬಿಂಬವನ್ನೂ ಅಡ್ಡಗೆರೆಗಳನ್ನೂ ಒಂದೇ ಸಮತಲದಲ್ಲಿ ತಂದಿಡುತ್ತದೆ.

ಸ್ನೈಪರರು ಬಹುಮಟ್ಟಿಗೆ ಇಬ್ಬರಾಗಿ ಹೋಗುತ್ತಾರೆ. ಒಬ್ಬನು ಹೊಡೆಯುವವನು, ಇನ್ನೊಬ್ಬನು ನೋಡಿ ಲೆಕ್ಕ ಹೇಳುವವನು. ಆ ಲೆಕ್ಕದ ಮೊದಲನೆಯ ಭಾಗ ಗುರುತ್ವಾಕರ್ಷಣೆ. ಸೆಕೆಂಡಿಗೆ 840 ಮೀಟರ್ ವೇಗದ ಗುಂಡು ನಿರ್ವಾತದಲ್ಲಿ 600 ಮೀಟರನ್ನು 0.71 ಸೆಕೆಂಡಿನಲ್ಲಿ ದಾಟಿ, ಅಷ್ಟರಲ್ಲಿ ಎರಡೂವರೆ ಮೀಟರ್ ಕೆಳಗಿಳಿಯುತ್ತದೆ. ಗಾಳಿಯ ತಡೆಯಿಂದಾಗಿ ನಿಜವಾಗಿ ಹಿಡಿಯುವ ಕಾಲ ಸುಮಾರು 0.95 ಸೆಕೆಂಡು; ಇಳಿತ ನಾಲ್ಕು ಮೀಟರಿನ ಹತ್ತಿರ. ಆದುದರಿಂದ ನಳಿಕೆಯನ್ನು ಅಷ್ಟು ಮೇಲಕ್ಕೆತ್ತಿ ಹೊಡೆಯಬೇಕು. ಸವದತ್ತಿಯ ಪರಸಗಡದಂಥ ಗುಡ್ಡದ ಮೇಲಿನಿಂದ ಹೊಡೆಯುವಾಗ ಇನ್ನೊಂದು ತಿದ್ದುಪಡಿ ಬೇಕು. ಇಳಿತವನ್ನು ನಿರ್ಧರಿಸುವುದು ಓರೆಯ ದೂರವಲ್ಲ, ಸಮತಲದ ದೂರ. ಮೂವತ್ತು ಡಿಗ್ರಿ ಇಳಿಜಾರಿನಲ್ಲಿ 400 ಮೀಟರ್ ದೂರದ ಗುರಿಗೆ 346 ಮೀಟರಿನ ಲೆಕ್ಕವನ್ನೇ ಹಿಡಿಯಬೇಕು.

ಎರಡನೆಯ ಭಾಗ ಅಡ್ಡಗಾಳಿ. ಇದರ ನಿಯಮ ಸೊಗಸಾಗಿದೆ. ಗಾಳಿಯ ವೇಗವನ್ನು ಗುಂಡಿನ ಪ್ರಯಾಣದ ಪೂರ್ತಿ ಕಾಲದಿಂದ ಗುಣಿಸಬಾರದು. ವಾಯುರೋಧದಿಂದ ಆದ ತಡವೆಷ್ಟೋ ಅಷ್ಟರಿಂದ ಮಾತ್ರ ಗುಣಿಸಬೇಕು. ಮೇಲಿನ ಉದಾಹರಣೆಯಲ್ಲಿ ತಡವಾದುದು 0.24 ಸೆಕೆಂಡು. ಗಾಳಿ ಸೆಕೆಂಡಿಗೆ 3 ಮೀಟರ್ ಬೀಸುತ್ತಿದ್ದರೆ ಗುಂಡು ಸುಮಾರು 70 ಸೆಂಟಿಮೀಟರ್ ಸರಿಯುತ್ತದೆ. ಅಷ್ಟು ಸಾಕು, ಗುರಿ ಪೂರ್ತಿ ತಪ್ಪಲು. ಗಾಳಿಯನ್ನು ಅಳೆಯಲು ಉಪಕರಣಗಳಿವೆ. ಆದರೆ ಅವು ತಿಳಿಸುವುದು ತಾನಿರುವಲ್ಲಿನ ಗಾಳಿಯನ್ನು ಮಾತ್ರ. ದಾರಿಯುದ್ದಕ್ಕೂ ಇರುವ ಗಾಳಿಯನ್ನು ಕಣ್ಣೇ ಓದಬೇಕು. ಹುಲ್ಲು ಬಾಗುವುದು, ಧೂಳು ಏಳುವುದು, ಬಿಸಿಲುಗುದುರೆಯ ಅಲೆ ಓರೆಯಾಗುವುದು, ಎಲ್ಲವೂ ಗುರುತುಗಳೇ. ಕಣದಲ್ಲಿ ಜೋಳ ತೂರುವ ನಮ್ಮ ರೈತನು ಗಾಳಿಯನ್ನು ನೋಡಿ ಮೊರವನ್ನು ಎತ್ತುವುದೂ ಇಳಿಸುವುದೂ ಇದೇ ವಿದ್ಯೆ. ತೂರಿದಾಗ ಹಗುರಾದ ಹೊಟ್ಟು ದೂರ ಹೋಗಿ ಭಾರದ ಕಾಳು ಹತ್ತಿರ ಬೀಳುವುದಷ್ಟೆ. ಭಾರವಾದ ಉದ್ದನೆಯ ಗುಂಡಿಗೆ ಗಾಳಿಯ ಕಾಟ ಕಡಮೆಯಾಗುವುದಕ್ಕೂ ಕಾರಣ ಅದೇ.

ಹೊಡೆಯುವ ಕ್ಷಣದಲ್ಲಿ ಉಸಿರನ್ನು ಅರ್ಧ ಬಿಟ್ಟು ತಡೆದು, ಕುದುರೆಯನ್ನು ಜಗ್ಗದೆ ಮೆಲ್ಲಗೆ ಒತ್ತುತ್ತಾರೆ. ಗುಂಡು ಶಬ್ದಕ್ಕಿಂತ ವೇಗವಾಗಿ ಹೋಗುವುದರಿಂದ 600 ಮೀಟರ್ ದೂರದವನಿಗೆ ಗುಂಡು ಮೊದಲು ತಾಗಿ, ಕೋವಿಯ ಸದ್ದು ಮುಕ್ಕಾಲು ಸೆಕೆಂಡು ತಡವಾಗಿ ತಲಪುತ್ತದೆ. ಭಾರತದ ಸೈನ್ಯದಲ್ಲಿ ಬಹುಕಾಲದಿಂದ ಇರುವ ಸ್ನೈಪರ್ ಕೋವಿ ಸೋವಿಯತ್ ಒಕ್ಕೂಟವು 1963ರಲ್ಲಿ ಅಂಗೀಕರಿಸಿದ ಡ್ರಗುನೋವ್. ಅದಕ್ಕಿಂತ ದೂರ ಮುಟ್ಟುವ, ಭಾರವಾದ ಗುಂಡಿನ .338 ಇಂಚಿನ ರೈಫಲ್ಲುಗಳು ಈಚೆಗೆ ಬಂದಿವೆ. ಆ ಗಾತ್ರದ 'ಸೇಬರ್' ಎಂಬ ರೈಫಲ್ಲನ್ನು ಬೆಂಗಳೂರಿನ ಎಸ್‌ಎಸ್‌ಎಸ್ ಡಿಫೆನ್ಸ್ ಸಂಸ್ಥೆ ನಿರ್ಮಿಸಿದೆ.

ಹಾಗಾದರೆ ಬಾಳಪ್ಪ?

ಈಗ ವಿದ್ಯಾರ್ಥಿಯ ಪ್ರಶ್ನೆಗೆ ಬರೋಣ. ಬಾಳಪ್ಪನ ಕೋವಿ ಅಂದಿನ ವಾಡಿಕೆಯ ನುಣುಪು ನಳಿಕೆಯದೆಂದು ಹಿಡಿದರೆ, ಅರ್ಧ ಮೈಲಿಯ ಮಾತನ್ನು ಬಿಡಬೇಕು. ನೂರು ಮೀಟರಿನಲ್ಲಿ ಹೊಡೆತ ಅದೃಷ್ಟದ ಆಟ. ಒಂದೇ ಗುಂಡನ್ನು ನಂಬಿ ನಿಲ್ಲಬೇಕಾದವನು ಗುರಿಗೆ ಮೂವತ್ತು, ಹೆಚ್ಚೆಂದರೆ ನಲವತ್ತು ಮೀಟರಿನೊಳಗೆ ಇರಬೇಕು.

ಇದನ್ನು ಕೇಳಿ ನನ್ನ ವಿದ್ಯಾರ್ಥಿಯ ಮುಖ ಬಾಡಿತು. ನಾಡಿನ ವೀರನನ್ನು ನಾನು ಕಿರಿದುಮಾಡಿದೆನೆಂದು ಅವನಿಗೆ ಅನ್ನಿಸಿರಬೇಕು. ಆದರೆ ಲೆಕ್ಕವನ್ನು ಅಲ್ಲಿಗೇ ನಿಲ್ಲಿಸಬಾರದು. ಜಾಮಗಿಯ ಕೋವಿಯನ್ನು ಮತ್ತೆ ತುಂಬಲು ನುರಿತವನಿಗೂ ಅರ್ಧ ನಿಮಿಷದಷ್ಟು ಬೇಕು. ಸೆಕೆಂಡಿಗೆ ಐದು ಮೀಟರ್ ಓಡುವ ಶತ್ರು ಮೂವತ್ತೈದು ಮೀಟರನ್ನು ಏಳು ಸೆಕೆಂಡಿನಲ್ಲಿ ದಾಟಿ ಬರುತ್ತಾನೆ. ಹೊಗೆಯ ಮೋಡ ಅವನಿಗೆ ದಾರಿ ತೋರಿಸುತ್ತದೆ. ಇಂದಿನ ಸ್ನೈಪರನಿಗೆ ದೂರವೇ ಕವಚ. ಬಾಳಪ್ಪನಿಗೆ ಆ ಕವಚವಿರಲಿಲ್ಲ. ಗುಂಡು ತಪ್ಪಿದರೆ ಎರಡನೆಯದಕ್ಕೆ ಅವಕಾಶವಿಲ್ಲವೆಂಬುದನ್ನು ಅಂಥ ಕೋವಿಯನ್ನು ಹಿಡಿದ ಪ್ರತಿಯೊಬ್ಬನೂ ಬಲ್ಲನು. ಹಾಗಿದ್ದೂ ಹತ್ತಿರಕ್ಕೆ ಹೋಗಿ ನಿಲ್ಲುವುದು ಕಣ್ಣಿನ ಸಾಮರ್ಥ್ಯಕ್ಕಿಂತ ಎದೆಯ ಸಾಮರ್ಥ್ಯ.

ಕೊಲ್ಲುವ ವಿದ್ಯೆಯ ಲೆಕ್ಕವನ್ನು ವಿದ್ಯಾರ್ಥಿಗಳಿಗೇಕೆ ಹೇಳಬೇಕೆಂದು ಕೆಲವರು ಕೇಳಬಹುದು. ರಾಬಿನ್ಸನ ಲೋಲಕ ಇಂದು ಪ್ರಯೋಗಶಾಲೆಯಲ್ಲಿ ಸಂವೇಗದ ಪಾಠಕ್ಕೆ ನೆರವಾಗುತ್ತಿದೆ. ಬುಗುರಿಯ ನಿಯಮ ಉಪಗ್ರಹಗಳನ್ನು ಸ್ಥಿರವಾಗಿಡುತ್ತಿದೆ. ನಿಯಮಗಳು ಯಾರ ಪಕ್ಷವನ್ನೂ ವಹಿಸುವುದಿಲ್ಲ. ಅದೇ ಡಿಸೆಂಬರಿನಲ್ಲಿ ಕಂಪನಿಯ ದೊಡ್ಡ ಸೈನ್ಯ ಫಿರಂಗಿಗಳೊಡನೆ ಬಂದಾಗ ಕಿತ್ತೂರು ಬಿದ್ದಿತು. ಚನ್ನಮ್ಮ ಬೈಲಹೊಂಗಲದಲ್ಲಿ ಸೆರೆಯಾಗಿದ್ದು 1829ರಲ್ಲಿ ತೀರಿಕೊಂಡಳು. ಯಾರ ಹೋರಾಟ ನ್ಯಾಯವಾದುದೆಂಬುದನ್ನು ಗುಂಡಿನ ಲೆಕ್ಕದಿಂದ ತಿಳಿಯಲಾಗದು. ಅದನ್ನು ಮನುಷ್ಯರೇ ವಿಚಾರಿಸಿ ತೀರ್ಮಾನಿಸಬೇಕು.

ಮುಂದಿನ ಸಲ ಕಿತ್ತೂರಿಗೆ ಹೋದಾಗ ಕೋಟೆಯ ಮುಂದೆ ಒಬ್ಬ ಗೆಳೆಯನನ್ನು ನಿಲ್ಲಿಸಿ, ಅವನಿಂದ ನಲವತ್ತು ದೊಡ್ಡ ಹೆಜ್ಜೆ ಅಳೆದು ಹೋಗಿ ತಿರುಗಿ ನೋಡಿರಿ. ಗೆಳೆಯನ ಮುಖ ಸ್ಪಷ್ಟವಾಗಿ ಕಾಣಿಸುತ್ತದೆ. ಅವನಿಗೂ ನಿಮ್ಮ ಮುಖ ಅಷ್ಟೇ ಸ್ಪಷ್ಟವಾಗಿ ಕಾಣಿಸುತ್ತಿರುತ್ತದೆ.