ಮುಖ ಕೆಂಪಾಗದ ಮಾತ್ರೆ

ದೊಡ್ಡ ಡೋಸಿನ ನಯಾಸಿನ್ ನುಂಗಿ ಅರ್ಧ ಗಂಟೆ ಆಗುವಷ್ಟರಲ್ಲಿ ಕಿವಿಯ ಹಾಲೆ ಬಿಸಿಯಾಗುತ್ತದೆ. ಕೆನ್ನೆ, ಕತ್ತು, ಎದೆ ಕೆಂಪಡರಿ, ಸುಡುಬಿಸಿಲಲ್ಲಿ ನಿಂತು ಬಂದವರ ಹಾಗೆ ಮೈ ಚುರುಗುಟ್ಟುತ್ತದೆ. ಚರ್ಮದ ಕೋಶಗಳು ಪ್ರೊಸ್ಟಗ್ಲಾಂಡಿನ್ ಸುರಿಸಿ ಸಣ್ಣ ರಕ್ತನಾಳಗಳನ್ನು ಹಿಗ್ಗಿಸುವುದರಿಂದ ಏಳುವ ಉರಿ ಇದು. ಸಾಮಾನ್ಯವಾಗಿ ಗಂಟೆಯೊಳಗೆ ತಣ್ಣಗಾಗುತ್ತದೆ. ಇದನ್ನು ತಪ್ಪಿಸಲೆಂದೇ ಹೊಟ್ಟೆಯಲ್ಲಿ ತಾಸುಗಟ್ಟಲೆ ನಿಧಾನವಾಗಿ ಕರಗುವ ಮಾತ್ರೆಗಳು ಬಂದವು.

ನಯಾಸಿನ್ ಎಂದರೆ ಬಿ3 ಜೀವಸತ್ವ. ದೊಡ್ಡವರಿಗೆ ದಿನಕ್ಕೆ ಸುಮಾರು 16 ಮಿಲಿಗ್ರಾಂ ಸಾಕು. ಅದೂ ಸಿಗದೆ ಹೋದರೆ ಪೆಲಗ್ರ ಬರುತ್ತದೆ: ಬಿಸಿಲು ತಾಗಿದ ಚರ್ಮ ಕಪ್ಪಾಗಿ ಒಡೆಯುತ್ತದೆ, ಭೇದಿ ಹತ್ತುತ್ತದೆ, ಬುದ್ಧಿ ಮಂಕಾಗುತ್ತದೆ. ಹೈದರಾಬಾದಿನಲ್ಲಿ ಡಾ. ಸಿ. ಗೋಪಾಲನ್ ಮತ್ತು ಸಂಗಡಿಗರು ಜೋಳವನ್ನೇ ನೆಚ್ಚಿಕೊಂಡಿದ್ದ ದಖ್ಖನ್ನಿನ ಬಡವರಲ್ಲಿ ಈ ರೋಗವನ್ನು ಕಂಡು ಅಧ್ಯಯನ ಮಾಡಿದ್ದರು. ನೂರು ಗ್ರಾಂ ಶೇಂಗಾದಲ್ಲಿ ಸುಮಾರು 12 ಮಿಲಿಗ್ರಾಂ ನಯಾಸಿನ್ ಇದೆ. ರೊಟ್ಟಿಯ ಜೊತೆ ಶೇಂಗಾ ಹಿಂಡಿ ಇಟ್ಟ ನಮ್ಮ ಅಡುಗೆಮನೆಗಳ ಮೇಲೆ ನನಗೆ ದೊಡ್ಡ ಗೌರವ.

ಮಾತ್ರೆಯ ಲೆಕ್ಕವೇ ಬೇರೆ. ಗ್ರಾಂಗಟ್ಟಲೆ ಕೊಟ್ಟರೆ ನಯಾಸಿನ್ ಕೊಲೆಸ್ಟರಾಲ್ ಇಳಿಸುತ್ತದೆ ಎಂದು ಕೆನಡಾದ ಸಂಶೋಧಕರು 1955ರಲ್ಲಿ ತೋರಿಸಿದರು. ಅಲ್ಲಿಂದ ಅದು ಆಹಾರದ ಅಳತೆ ದಾಟಿ ಔಷಧದ ಅಳತೆಗೆ ಬಂತು. 500 ಮಿಲಿಗ್ರಾಂನ ಒಂದೇ ಮಾತ್ರೆಯಲ್ಲಿ ಒಂದು ತಿಂಗಳ ಪಾಲು ಅಡಗಿದೆ.

ಯಕೃತ್ತಿನಲ್ಲಿ ನಯಾಸಿನ್ ಸಾಗಲು ಎರಡು ದಾರಿಗಳಿವೆ, ಒಂದು ಅಗಲ, ಒಂದು ಇಕ್ಕಟ್ಟು. ಸಾಮಾನ್ಯ ಮಾತ್ರೆ ಒಮ್ಮೆಲೇ ಕರಗಿ ನುಗ್ಗಿದಾಗ ಇಕ್ಕಟ್ಟಾದ ದಾರಿ ಬೇಗ ತುಂಬಿಬಿಡುತ್ತದೆ, ಮಿಕ್ಕಿದ್ದೆಲ್ಲ ಅಗಲ ದಾರಿ ಹಿಡಿಯುತ್ತದೆ. ಮೈ ಉರಿಯುವುದು ಆಗಲೇ. ನಿಧಾನದ ಮಾತ್ರೆ ಹನಿಹನಿಯಾಗಿ ಬಿಡುವುದರಿಂದ ಹೆಚ್ಚಿನ ಪಾಲು ಇಕ್ಕಟ್ಟಿನ ದಾರಿಯಲ್ಲೇ ಹೋಗುತ್ತದೆ. ಚರ್ಮಕ್ಕೆ ಸುಖ, ಯಕೃತ್ತಿಗೆ ಮಾತ್ರ ಹಗಲಿಡೀ ಬಿಡುವಿಲ್ಲದ ದುಡಿತ. ಅದು ಪೆಟ್ಟು ತಿನ್ನುವುದು ಇದರಿಂದಲೇ ಎನ್ನುವುದು ವಿಜ್ಞಾನಿಗಳ ವಿವರಣೆ. ಅಮೆರಿಕದಲ್ಲಿ 1994ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಎರಡೂ ಬಗೆಯ ಮಾತ್ರೆಗಳನ್ನು ತಲಾ 23 ಜನರಿಗೆ ಕೊಟ್ಟು, ಡೋಸನ್ನು ಹಂತಹಂತವಾಗಿ 3 ಗ್ರಾಂವರೆಗೆ ಏರಿಸಿದರು. ನಿಧಾನದ ಮಾತ್ರೆ ತೆಗೆದುಕೊಂಡವರಲ್ಲಿ 12 ಜನರ ಯಕೃತ್ತಿಗೆ ತೊಂದರೆಯಾಯಿತು. ಸಾಮಾನ್ಯ ಮಾತ್ರೆಯವರಲ್ಲಿ ಒಬ್ಬರಿಗೂ ಆಗಲಿಲ್ಲ.

ಇಷ್ಟು ಕಷ್ಟಪಟ್ಟರೆ ಹೃದಯವಾದರೂ ಉಳಿದೀತೇ? ಯುರೋಪ್ ಮತ್ತು ಚೀನಾದ 25,673 ಜನರ ಮೇಲೆ ನಡೆದ, 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಔಷಧದ ಜೊತೆಗೆ ನಿಧಾನದ ನಯಾಸಿನ್ ಮತ್ತು ಮೈ ಉರಿ ತಗ್ಗಿಸುವ ಇನ್ನೊಂದು ಔಷಧ ಕೊಟ್ಟು ನೋಡಿದರು. ಹೃದಯಾಘಾತ, ಪಾರ್ಶ್ವವಾಯು ಗಣನೀಯವಾಗಿ ಕಡಿಮೆಯಾಗಲಿಲ್ಲ. ಸಕ್ಕರೆ ಕಾಯಿಲೆ, ಸೋಂಕು, ರಕ್ತಸ್ರಾವ ಹೆಚ್ಚಾದವು.

ಆದ್ದರಿಂದ ಜೀವಸತ್ವವಲ್ಲವೇ ಎಂದು ಸಪ್ಲಿಮೆಂಟ್ ಡಬ್ಬಿ ತಂದು ನುಂಗುವುದು ಬೇಡ. ವೈದ್ಯರು ಸಾಮಾನ್ಯ ನಯಾಸಿನ್ ಬರೆದುಕೊಟ್ಟಿದ್ದರೆ, ಅಷ್ಟೇ ಡೋಸಿನ ನಿಧಾನದ ಮಾತ್ರೆಗೆ ನಾವಾಗಿಯೇ ಬದಲಾಯಿಸುವುದಂತೂ ಸಲ್ಲದು. ಈಗಾಗಲೇ ತೆಗೆದುಕೊಳ್ಳುತ್ತಿರುವವರಿಗೆ ಊಟ ಸೇರದಿದ್ದರೆ, ವಾಕರಿಕೆ, ಸುಸ್ತು ಬಿಡದಿದ್ದರೆ, ಮೂತ್ರ ಕಡು ಬಣ್ಣಕ್ಕೆ ತಿರುಗಿದರೆ ಅವತ್ತೇ ವೈದ್ಯರ ಬಳಿ ಹೋಗಿ ಲಿವರ್ ಪರೀಕ್ಷೆ ಮಾಡಿಸಬೇಕು. ಹೋಗುವಾಗ ಆ ಡಬ್ಬಿಯೂ ಕೈಯಲ್ಲಿರಲಿ.