ಕವಡೆ ಕಾಣದ ಜಗಲಿ

ಹೊರಗಿನ ಕೆಲಸವನ್ನೆಲ್ಲ ನಿಲ್ಲಿಸಿ ಮನೆಮಂದಿಯನ್ನು ಜಗಲಿಯಲ್ಲಿ ಒಂದೆಡೆ ಕೂರಿಸುವ ಶಕ್ತಿ ಮಲೆನಾಡಿನ ಮಳೆಗೆ ಉಂಟು. ಶೃಂಗೇರಿಯಲ್ಲಿ ತುಂಗೆ ಕೆಂಪಾಗಿ ಹರಿಯುವಾಗ, ಕೊಪ್ಪದ ಅಡಕೆ ತೋಟಗಳಿಗೆ ಕೊಳೆರೋಗದ ಭೀತಿ ಆವರಿಸಿದಾಗ, ನರಸಿಂಹರಾಜಪುರದ ಅಂಚಿಗೆ ಭದ್ರೆಯ ಹಿನ್ನೀರು ಏರಿ ಬರುವಾಗ, ಕಾಲ ಕಳೆಯಲು ನಮ್ಮ ಹಿರಿಯರಿಗೆ ಬೇಕಾಗಿದ್ದುದು ಒಂದು ತುಂಡು ಸೀಮೆಸುಣ್ಣ, ನಾಲ್ಕು ಕವಡೆ, ಅಷ್ಟೆ. ಕವಡೆ ಇಲ್ಲದಿದ್ದರೆ ಹುಣಿಸೆಬೀಜದ ಒಂದು ಮಗ್ಗುಲನ್ನು ತೇದು ಬೆಳ್ಳಗೆ ಮಾಡಿಕೊಂಡರೂ ಆಟ ನಡೆಯುತ್ತಿತ್ತು. ಇಂದು ಅದೇ ಜಗಲಿಯಲ್ಲಿ ಮೊಬೈಲಿನ ಗಾಜಿನ ಮೇಲೆ ಲೂಡೋ ನಡೆದಿದೆ.

ಲೂಡೋ ಪರದೇಶದ್ದೆಂದು ಮೂಗು ಮುರಿಯುವವರುಂಟು. ಆದರೆ ಅದು ನಮ್ಮ ಪಚ್ಚೀಸಿಯ ಮಗಳೇ. ಫತೇಪುರ ಸಿಕ್ರಿಯ ಅರಮನೆಯ ಅಂಗಳದಲ್ಲಿ ಪಚ್ಚೀಸಿಯ ಹಾಸು ಇಂದಿಗೂ ಕಾಣುತ್ತದೆ. ಇಂಗ್ಲೆಂಡಿನವರು ಈ ಆಟವನ್ನು ಸರಳಗೊಳಿಸಿ, ಕವಡೆಗಳ ಬದಲು ಆರು ಮುಖದ ದಾಳವನ್ನಿಟ್ಟು, 1896ರಲ್ಲಿ ಪೇಟೆಂಟ್ ಪಡೆದರು. ಮುಂಬಯಿಯ ಗೇಮೆಶನ್ ಸಂಸ್ಥೆ 2016ರಲ್ಲಿ ‘ಲೂಡೋ ಕಿಂಗ್’ ಎಂಬ ಹೆಸರಿನಿಂದ ಅದನ್ನು ಮೊಬೈಲಿಗೆ ತಂದಿತು. 2020ರ ಲಾಕ್‌ಡೌನ್ ಅದನ್ನು ಮನೆಮನೆಗೆ ಮುಟ್ಟಿಸಿತು. ಹೀಗೆ ಕಡಲು ದಾಟಿ ಹೋದವಳು ವೇಷ ಬದಲಿಸಿ ತವರಿಗೆ ಮರಳಿದ್ದಾಳೆ.

ಆದರೆ ತವರಿನಲ್ಲಿ ಉಳಿದ ಸೋದರಿ ಚೌಕಾಬಾರದ ಗತ್ತೇ ಬೇರೆ. ಐದೈದರ ಇಪ್ಪತ್ತೈದು ಮನೆ. ಹೊರಸುತ್ತಿನಲ್ಲಿ 16, ಒಳಸುತ್ತಿನಲ್ಲಿ 8, ನಡುವೆ ಒಂದು. ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಸುತ್ತಿಗೆ ಪ್ರವೇಶವಿಲ್ಲವೆಂಬುದು ಹಲವು ಮನೆಗಳ ಕಟ್ಟಳೆ. ನಡುಮನೆ ಸೇರಿದ ಕಾಯಿ ‘ಹಣ್ಣಾಯಿತು’ ಎನ್ನುವ ಮಾತಿನ ಸೊಗಸನ್ನು ಯಾವ ಯಂತ್ರ ತಾನೆ ಕೊಟ್ಟೀತು?

ಗರ ಬೀಳುವ ಲೆಕ್ಕದಲ್ಲಿಯೂ ವ್ಯತ್ಯಾಸವಿದೆ. ಕವಡೆ ಎರಡು ಮಗ್ಗುಲಿಗೂ ಸಮನಾಗಿ ಬೀಳುವುದೆಂದು ಹಿಡಿದರೆ, ನಾಲ್ಕು ಕವಡೆ ಬೀಳಬಹುದಾದ ಬಗೆ 16. ಇವುಗಳಲ್ಲಿ ಎರಡು ಬೀಳುವ ಬಗೆ 6. ಒಂದು ಮತ್ತು ಮೂರಕ್ಕೆ ತಲಾ 4. ನಾಲ್ಕೂ ಅಂಗಾತವಾಗುವ ಚೌಕಕ್ಕೂ, ನಾಲ್ಕೂ ಬೋರಲಾಗಿ ಎಂಟೆನಿಸುವ ಬಾರಕ್ಕೂ ಒಂದೊಂದೇ. ಆದುದರಿಂದ ಶತ್ರುವಿನ ಮುಂದೆ ಎರಡೇ ಮನೆಯಾಚೆ ಕಾಯಿಡುವುದು ಅಪಾಯಕರ. ಈ ಗಣಿತವನ್ನು ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯರೂ ಅನುಭವದಿಂದಲೇ ಬಲ್ಲರು. ದಾಳದಲ್ಲಾದರೋ ಒಂದರಿಂದ ಆರರವರೆಗೆ ಎಲ್ಲ ಗರವೂ ಸಮ. ಮೊಬೈಲಿನಲ್ಲಿ ಎಣಿಸುವ ಶ್ರಮವೂ ಇಲ್ಲ. ಕಾಯಿಯನ್ನು ಮುಟ್ಟಿದರೆ ಸಾಕು, ಅದೇ ನಡೆಯುತ್ತದೆ. ಹಾಗಾಗಿ ಮೊಮ್ಮಗು ಕೂಡುವುದನ್ನು ಕಲಿಯುವ ಅವಕಾಶವೂ ಹೋಯಿತು, ‘ಒಂದು ಮನೆ ಹೆಚ್ಚು ನಡೆಸಿದೆ’ ಎಂಬ ಸವಿಜಗಳವೂ ಹೋಯಿತು.

ಹಾಗೆಂದು ಹೊಸ ಆಟವನ್ನು ತೆಗೆದೆಸೆಯಲು ಸಾಧ್ಯವೆ? ಇಂದು ನಮ್ಮ ಕಡೆಯ ಎಷ್ಟೋ ದೊಡ್ಡ ಮನೆಗಳಲ್ಲಿ ಉಳಿದಿರುವವರು ವೃದ್ಧರಿಬ್ಬರೇ. ಮಗ ಬೆಂಗಳೂರಿನಲ್ಲಿ, ಮಗಳು ಅಮೆರಿಕದಲ್ಲಿ. ನಾಲ್ವರ ಆಟಕ್ಕೆ ಇಬ್ಬರನ್ನು ಎಲ್ಲಿಂದ ತರುವುದು? ಗುಡ್ಡದ ಮರೆಯಿಂದ ಸಿಗ್ನಲ್ ದಯೆ ತೋರಿದ ಸಂಜೆ, ಸಾವಿರಾರು ಮೈಲಿಯಾಚೆಯ ಮಗಳು ತಾಯಿಯ ಹಸಿರು ಕಾಯನ್ನು ಹೊಡೆದು ಮನೆಗಟ್ಟುತ್ತಾಳೆ. ಸೋತ ತಾಯಿಯ ಮುಖದಲ್ಲಿ ಆಗ ಮೂಡುವ ನಗೆಯನ್ನು ಕಂಡವರು ಯಂತ್ರವನ್ನು ಸುಲಭವಾಗಿ ಹಳಿಯಲಾರರು.

ಹಳಿಯಬೇಕಾದದ್ದು ಬೇರೆಯೇ ಇದೆ. ಪಣವಿಟ್ಟು ಆಡುವ ಲೂಡೋಗಳೂ ಇದೇ ಗಾಜಿನ ಹಿಂದೆ ಅಡಗಿ ಬಂದವು. ಹಣ ಕಟ್ಟಿ ಆಡುವ ಜಾಲದಾಟಗಳನ್ನು ತಡೆಯಲು ಕರ್ನಾಟಕವು 2021ರಲ್ಲಿ ಮಾಡಿದ ತಿದ್ದುಪಡಿಯನ್ನು 2022ರಲ್ಲಿ ಉಚ್ಚ ನ್ಯಾಯಾಲಯವು ಅನೂರ್ಜಿತಗೊಳಿಸಿತು. 2025ರಲ್ಲಿ ಸಂಸತ್ತು ಇಡೀ ದೇಶಕ್ಕೆ ಅನ್ವಯಿಸುವಂತೆ ನಿಷೇಧದ ಕಾಯಿದೆಯನ್ನು ಮಾಡಿತು. ಧರ್ಮರಾಯನೇ ಜೂಜಿನಲ್ಲಿ ರಾಜ್ಯ ಕಳೆದ ಕಥೆಯನ್ನು ಗಮಕಿಗಳ ಬಾಯಲ್ಲಿ ಕೇಳಿ ಬೆಳೆದ ನಾಡಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಜಗಲಿಯ ಜೂಜಿಗೆ ಹಿರಿಯರ ಕಣ್ಣಿನ ಕಾವಲಾದರೂ ಇತ್ತು. ಅಂಗೈಯ ಜೂಜಿಗೆ ಕೋಣೆಯ ಕದವೇ ಮರೆ.

ದೂರದವರೊಡನೆ ಗಾಜಿನ ಮೇಲೆ ಆಡೋಣ. ಹತ್ತಿರದವರಿದ್ದಾಗ ಗಾಜನ್ನು ಬದಿಗಿಟ್ಟು ಕವಡೆ ಹುಡುಕೋಣ. ರಜೆಗೆ ಬಂದ ಮೊಮ್ಮಕ್ಕಳಿಗೆ ಚೌಕದ ಗೆರೆ ಎಳೆದು ತೋರಿಸಬಲ್ಲ ಕೈಗಳು ನಮ್ಮ ಮನೆಗಳಲ್ಲಿ ಇನ್ನೂ ಇವೆ. ಆ ಕೈಗಳಿರುವಾಗಲೇ ಕಲಿತುಕೊಳ್ಳುವುದು ಲೇಸು.